ಯಕೃತ್ತಿನ ನಿಯಮ ಕೆಂಪುಕಣಕ್ಕಿಲ್ಲ
ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣಯುಕ್ತ ಅಣುವಾದ ಹೀಮ್ ದೇಹದಲ್ಲಿ ತಯಾರಾಗುವ ಬಗೆ ಕುರಿತು ಪ್ರಕಟವಾದ ಲೇಖನದಲ್ಲಿ ‘ಹೀಮ್ ಹೆಚ್ಚಾದರೆ (ಅದನ್ನು ತಯಾರಿಸುವ) ಮೊದಲ ಕಿಣ್ವದ ಜೀನ್ ಬಂದ್ ಆಗುತ್ತದೆ’ ಎಂದಿದೆ. ಅದು ಯಕೃತ್ತಿನ ಮಟ್ಟಿಗೆ ಸರಿ. ದೇಹದ ಹೀಮ್‌ನಲ್ಲಿ ಶೇ. 80ಕ್ಕೂ ಹೆಚ್ಚು ತಯಾರಾಗುವುದು ಅಸ್ಥಿಮಜ್ಜೆಯ ಎಳೆಯ ಕೆಂಪುಕಣಗಳಲ್ಲಿ; ಅಲ್ಲಿನ ಲೆಕ್ಕವೇ ಬೇರೆ.

ಈ ಮೊದಲ ಕಿಣ್ವಕ್ಕೆ ಎರಡು ಜೀನ್‌ಗಳಿವೆ: ಯಕೃತ್ತಿನದು 3ನೇ ವರ್ಣತಂತುವಿನ ಎಎಲ್‌ಎಎಸ್-1, ಕೆಂಪುಕಣದ್ದು ಎಕ್ಸ್ ವರ್ಣತಂತುವಿನ ಎಎಲ್‌ಎಎಸ್-2. ಎರಡನೆಯದನ್ನು ಚಾಲೂ ಮಾಡುವುದು ಗಾಟಾ-1 ಪ್ರೋಟೀನ್. ಎಎಲ್‌ಎಎಸ್-2ರ ಆರ್‌ಎನ್‌ಎಯ ಆರಂಭದಲ್ಲೊಂದು ಕುಣಿಕೆಯಿದೆ. ಕಬ್ಬಿಣ ಕಡಿಮೆಯಾದಾಗ ಐಆರ್‌ಪಿ ಎಂಬ ಕಬ್ಬಿಣ-ನಿಯಂತ್ರಕ ಪ್ರೋಟೀನ್ ಅದಕ್ಕೆ ಅಂಟಿಕೊಂಡು ಕಿಣ್ವ ತಯಾರಾಗದಂತೆ ತಡೆಯುತ್ತದೆ. ಕಬ್ಬಿಣ ಸೇರದ ಪೋರ್ಫಿರಿನ್ (ಕಬ್ಬಿಣ ಸೇರಿದರೆ ಹೀಮ್ ಆಗುವ ವಸ್ತು) ರಾಶಿ ಬಿದ್ದರೆ ಕೋಶಕ್ಕೆ ವಿಷವಲ್ಲವೇ!

ಎಎಲ್‌ಎಎಸ್-2 ಕೆಟ್ಟರೆ ಕಬ್ಬಿಣ ಮೈಟೊಕಾಂಡ್ರಿಯದಲ್ಲೇ ಉಳಿದು ಸೈಡರೋಬ್ಲಾಸ್ಟಿಕ್ ರಕ್ತಹೀನತೆ ಬರುತ್ತದೆ. ಈ ಕಿಣ್ವ ಕೆಲಸ ಮಾಡಲು ಬಿ6 ವಿಟಮಿನ್, ಅಂದರೆ ಪಿರಿಡಾಕ್ಸಿನ್, ಬೇಕು, ಹಾಗಾಗಿ ಹಲವರಿಗೆ ಪಿರಿಡಾಕ್ಸಿನ್‌ನಿಂದಲೇ ಹಿಮೋಗ್ಲೋಬಿನ್ ಏರುತ್ತದೆ. ಆದರೆ ರಕ್ತಹೀನತೆ ಎಂದೊಡನೆ ಇವರಿಗೆ ಕಬ್ಬಿಣದ ಮಾತ್ರೆ ಕೊಟ್ಟರೆ ಹಾನಿಯೇ, ಮೈಯಲ್ಲಿ ಅದು ಮೊದಲೇ ಹೆಚ್ಚಿರುತ್ತದೆ.

ಲೇಖನ ಬಿಟ್ಟ ಇನ್ನೊಂದು ಅಂಶ: ಹೀಮ್ ತಯಾರಿಕೆಯ ಮೂರನೇ ಕಿಣ್ವ, ಪಿಬಿಜಿ ಎಂಬ ವಸ್ತುವನ್ನು ಬಳಸುವ ಪಿಬಿಜಿ ಡಿಅಮಿನೇಸ್‌ಗೆ ಜೀನ್ ಒಂದೇ, ಅದನ್ನು ಚಾಲೂ ಮಾಡುವ ಭಾಗ (ಪ್ರೊಮೋಟರ್) ಎರಡು. ಕೆಂಪುಕಣದ ಪ್ರೊಮೋಟರ್ ಜೀನ್‌ನ ಮೊದಲ ತುಣುಕನ್ನು (ಎಕ್ಸಾನ್) ಬಳಸುವುದಿಲ್ಲ. ದೋಷ ಆ ಮೊದಲ ಎಕ್ಸಾನ್‌ನಲ್ಲಿದ್ದರೆ ಯಕೃತ್ತಿನಲ್ಲಿ ಕಿಣ್ವ ಕಡಿಮೆ, ರಕ್ತದ ಪರೀಕ್ಷೆಯಲ್ಲಿ ಮಾತ್ರ ನಾರ್ಮಲ್! ಆದ್ದರಿಂದ ಈ ಕಿಣ್ವದ ಕೊರತೆಯಿಂದ ಬರುವ ತೀವ್ರ ಪೋರ್ಫಿರಿಯಾ ಕಾಯಿಲೆಯ ಅನುಮಾನವಿದ್ದರೆ ಹೊಟ್ಟೆನೋವಿನ ಹೊತ್ತಿನಲ್ಲೇ ಮೂತ್ರ ಹಿಡಿದು, ಬೆಳಕು ತಾಗದಂತಿಟ್ಟು ಪಿಬಿಜಿ ಅಳೆಯಬೇಕು.