ಬೈಲಾ ಮಾಡುವ ಪೂರ್ಣ ಅಧಿಕಾರ ಕಾರ್ಪೊರೇಟರ್‌ಗಳಿಗೆ ಬೇಕೆ?

ಬೆಂಗಳೂರು ಈಗ ಐದು ಪಾಲಿಕೆಗಳ ಊರು, 369 ವಾರ್ಡ್‌ಗಳು. ನಿವಾಸಿಗಳ ರಕ್ಷಣೆಗೆ ಬೇಕಾದ ಬೈಲಾಗಳನ್ನು, ಅಂದರೆ ಪಾಲಿಕೆಯ ಉಪವಿಧಿಗಳನ್ನು, ಸರ್ಕಾರದ ಒಪ್ಪಿಗೆಗೆ ಕಾಯದೆ ಪಾಲಿಕೆ ಸಭೆಯೇ ಜಾರಿಗೆ ತರುವಂತಾಗಬೇಕೆ?

ಪರ: ನಿಯಮ ಮಾಡುವವರು ನಮ್ಮ ಬೀದಿಯಲ್ಲೇ ಸಿಗಬೇಕು
(ಲೇಖಕಿ ನಿವೃತ್ತ ಶಾಲಾ ಶಿಕ್ಷಕಿ)

2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕವೂ ಬಂತು. 600 ಚದರ ಅಡಿಯೊಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಅಡಿ ದಾಟಿದರೆ 400. ಮೊತ್ತದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಆದರೆ ಇದು ಯಾವ ಸಭೆಯಲ್ಲಿ ಚರ್ಚೆಯಾಯಿತು? ‘ನಮ್ಮ ಬೀದಿಗೆ ಆಟೊ ಟಿಪ್ಪರ್ ಬರೋದೇ ಇಲ್ಲ, ದುಡ್ಡು ಯಾಕೆ ಕೊಡಬೇಕು’ ಎಂದು ಎದ್ದು ನಿಂತು ಕೇಳಿದವರು ಯಾರು? ಯಾರೂ ಇಲ್ಲ. ಆಗ ಊರಿಗೆಲ್ಲ ಇದ್ದ ಒಂದೇ ಪಾಲಿಕೆ ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಸಹಿಯೇ ಸಭೆ, ಅದೇ ನಿರ್ಣಯ.

ಸಭೆ ಇದ್ದಾಗಲೂ ಏನು ಮಹಾ ಅಧಿಕಾರವಿತ್ತು ಅನ್ನಿ. 1976ರ ಪೌರ ನಿಗಮಗಳ ಕಾಯ್ದೆಯ ಕಾಲದಿಂದಲೂ ಪಾಲಿಕೆ ಬೈಲಾ ಬರೆಯಬಹುದು, ಸರ್ಕಾರ ಹೂಂ ಅನ್ನುವ ತನಕ ಅದಕ್ಕೆ ಜೀವವಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ನಗರಗಳಿಗೆಂದು 18 ವಿಷಯ ಪಟ್ಟಿ ಮಾಡಿತು. ನಮ್ಮಲ್ಲಿ ನೀರು ಜಲಮಂಡಳಿಯ ಕೈಯಲ್ಲಿ, ನಗರ ಯೋಜನೆ ಬಹುಕಾಲ ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕೈಯಲ್ಲಿತ್ತು. ಕಾರ್ಪೊರೇಟರ್‌ಗೆ ಉಳಿದದ್ದು ಮೋರಿ, ಬೀದಿದೀಪ, ಗಣೇಶೋತ್ಸವದ ಫ್ಲೆಕ್ಸು. ಈಗ ಐದೂ ಪಾಲಿಕೆಗಳ ಮೇಲೆ ಬಂದಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೂ ಮುಖ್ಯಮಂತ್ರಿಯೇ ಅಧ್ಯಕ್ಷರು!

ಬೈಲಾ ಯಾಕೆ ಬೇಕು ಅನ್ನುವವರು ನಮ್ಮ ಮನೆಗೆ ಬರಲಿ. ಪಕ್ಕದ ಮೂವತ್ತು-ನಲವತ್ತರ ಸೈಟಿನಲ್ಲಿದ್ದ ಹಳೇ ಹೆಂಚಿನ ಮನೆ ಒಡೆದು ಪಿಜಿ ಎಬ್ಬಿಸಲು ಹೊರಟರು. ಬೇಸ್‌ಮೆಂಟ್ ಬೇಕಂತೆ, ನಮ್ಮ ಕಾಂಪೌಂಡಿನಿಂದ ಗೇಣು ದೂರದಲ್ಲಿ ಜೆಸಿಬಿ ನೆಲ ತೋಡಿತು. ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ನೋಡಿದರೆ ದೇವರಮನೆಯ ಗೋಡೆಯಲ್ಲಿ ಸೂರಿನ ಮೂಲೆಯಿಂದ ಕಿಟಕಿಯವರೆಗೆ ಬಿರುಕು, ನನ್ನ ಕಿರುಬೆರಳು ತೂರುವಷ್ಟು. ಗಿಲಾವು ಉದುರಿ ಅರಿಶಿನ-ಕುಂಕುಮದ ಬಟ್ಟಲೆಲ್ಲ ಮಣ್ಣು. ಮೇಸ್ತ್ರಿ, ‘ಅಮ್ಮಾ, ಸಿಮೆಂಟ್ ಮೆತ್ತಿ ಬಣ್ಣ ಹೊಡಿಸಿಕೊಡ್ತೀನಿ ಬಿಡಿ, ಗೊತ್ತೇ ಆಗಲ್ಲ’ ಅಂದ. ಎಂಜಿನಿಯರ್ ಬಂದರು, ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಂಡರು. ‘ಪ್ಲಾನ್ ಮೀರಿದ್ರೆ ನೋಟಿಸ್ ಕೊಡಬಹುದು ಮೇಡಂ. ನಿಮ್ಮ ಗೋಡೆದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ’ ಅಂದರು. ಅಷ್ಟರಲ್ಲಿ ಪಕ್ಕದಲ್ಲಿ ಎರಡನೇ ಮಹಡಿಗೆ ಸೆಂಟ್ರಿಂಗ್ ಹೊಡೆಯುತ್ತಿದ್ದರು. ನಮ್ಮ ಯಜಮಾನರು ಇಂದಿಗೂ ಮಳೆ ಬಂದ ರಾತ್ರಿ ಎದ್ದು ಟಾರ್ಚ್ ಹಾಕಿ ಬಿರುಕು ನೋಡಿ ಬರುತ್ತಾರೆ.

ನಾನು ಕೇಳುವುದು ಒಂದೇ ಪುಟದ ಬೈಲಾ. ಪಾಯ ತೋಡುವ ಮುಂಚೆ ಅಕ್ಕಪಕ್ಕದ ಗೋಡೆಗಳ ಫೋಟೊ ತೆಗೆದು, ಎರಡೂ ಮನೆಯವರ ಸಹಿ ಹಾಕಿಸಿ ವಾರ್ಡ್ ಆಫೀಸಿಗೆ ಕೊಡಬೇಕು. ಮಣ್ಣು ಕುಸಿಯದಂತೆ ಆಸರೆ ಕಟ್ಟಿಯೇ ಮುಂದೆ ತೋಡಬೇಕು. ತಪ್ಪಿದರೆ ಅವತ್ತೇ ಕೆಲಸ ಬಂದ್. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. ಅಂಥ ಹೊತ್ತಿನಲ್ಲಿ ಆ ವಾರ್ಡಿನ ಪರವಾಗಿ ಸಭೆಯಲ್ಲಿ ಬಾಯಿ ಬಿಡಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಒಸಿ (ವಾಸಕ್ಕೆ ಯೋಗ್ಯವೆಂದು ಕೊಡುವ ಸ್ವಾಧೀನಾನುಭವ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಎಂದಿತು. ಮನೆ ಕಟ್ಟಿ ಮೀಟರ್ ಸಿಗದೆ ಕೂತವರು ಎಷ್ಟೋ ಮಂದಿ. ಕೊನೆಗೆ 1,200 ಚದರ ಅಡಿವರೆಗಿನ ಸೈಟುಗಳ ಸಣ್ಣ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಟ್ಟದ್ದು ಸರ್ಕಾರ. ಅಂದರೆ ಮೂವತ್ತು-ನಲವತ್ತು, ನಮ್ಮ ಪಕ್ಕದ ಸೈಟಿನದೇ ಅಳತೆ. ಅಲ್ಲಿ ಗೋಡೆಗೆ ಗೋಡೆ ತಾಗುತ್ತದೆ ಎಂಬುದು ವಿಧಾನಸೌಧದ ಕಿಟಕಿಯಿಂದ ಕಾಣುವುದಿಲ್ಲ.

ಕಾರ್ಪೊರೇಟರ್‌ಗಳೇ ದುಡ್ಡು ಹೊಡೆಯುವವರು ಅನ್ನುತ್ತಾರೆ. ಹೊಡೆಯದವರು ಯಾರಿದ್ದಾರೆ ಹೇಳಿ? ಮನಸ್ಸು ಮಾಡಿದರೆ ಸಭೆಗೆ ಏನು ಸಾಧ್ಯ ಎಂಬುದಕ್ಕೆ 2018ರ ಆಗಸ್ಟ್ ಸಾಕು. ಪಾಲಿಕೆ ಸಭೆ ಹೋರ್ಡಿಂಗ್ ನಿಷೇಧಿಸಿ ನಿರ್ಣಯ ಮಾಡಿತು, ಊರಿನ ಆಕಾಶ ಕಂಡಿತು.

ವಿರೋಧ: ಇರುವ ನಿಯಮ ಮೊದಲು ಜಾರಿಯಾಗಲಿ
(ಲೇಖಕರು ಪಾಲಿಕೆಯೊಂದರ ನಿವೃತ್ತ ನೌಕರರು)

ಈ ಬದಿ ಖಾಲಿ ಇದೆ, ಬರೆದುಕೊಡಿ ಎಂದರು ಸಂಪಾದಕರು. ಬರೆಯುತ್ತಿದ್ದೇನೆ. ಪರ ಬರೆಯುವವರು ಏನು ಹೇಳುತ್ತಾರೆ ಎಂಬುದು ಊಹಿಸಲಾಗದ್ದೇನಲ್ಲ. ಕಾರ್ಪೊರೇಟರ್ ಕೈಗೆ ಬೈಲಾ ಕೊಟ್ಟರೆ ಗುಂಡಿ ಮುಚ್ಚುತ್ತದೆ, ಕೆರೆ ತುಂಬುತ್ತದೆ, ಮಕ್ಕಳು ಫುಟ್‌ಪಾತ್ ಮೇಲೆ ಕುಂಟೆಬಿಲ್ಲೆ ಆಡುತ್ತಾರೆ.

ನಮ್ಮಲ್ಲಿ ನಿಯಮಕ್ಕೆ ಬರವಿಲ್ಲ. ಮರ ಕಡಿಯಬಾರದು ಎಂಬುದಕ್ಕೆ 1976ರ ಕಾಯ್ದೆ ಇದೆ. ಪ್ಲಾಸ್ಟಿಕ್ ಚೀಲ 2016ರಲ್ಲೇ ರಾಜ್ಯದಲ್ಲಿ ನಿಷೇಧವಾಗಿದೆ, ತರಕಾರಿಯವನು ಇವತ್ತೂ ಕೊತ್ತಂಬರಿ ಸೊಪ್ಪು ಹಾಕಿಕೊಡುವುದು ಅದರಲ್ಲೇ. ಮನೆಯ ಸುತ್ತ ಸೆಟ್‌ಬ್ಯಾಕ್ ಅಂತ ಖಾಲಿ ಜಾಗ ಬಿಡಬೇಕು ಎಂಬುದು ಮನೆ ಕಟ್ಟುವ ಪ್ರತಿಯೊಬ್ಬನಿಗೂ ಗೊತ್ತು, ಬಿಟ್ಟವರನ್ನು ತೋರಿಸಿ. ಇದರ ಮೇಲೆ ಇನ್ನೊಂದು ಬೈಲಾ ತಂದರೆ ಇನ್ನೊಂದು ಕಡತ, ಇನ್ನೊಂದು ಮೇಜು, ಇನ್ನೊಂದು ರೇಟು.

ನಾನು ಗುಮಾಸ್ತನಾಗಿದ್ದ ಪಾಲಿಕೆ ಯಾವುದು ಎಂಬುದು ಬೇಡ. ಸಭೆಯ ವಿಷಯಸೂಚಿಯನ್ನು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದವನು ನಾನೇ. ವಿಷಯಗಳು ರಾಶಿ ರಾಶಿ. ಮೊದಲ ವಿಷಯಕ್ಕೆ ಗಲಾಟೆ, ಬಾವಿಗಿಳಿದು ಧರಣಿ. ಆಮೇಲೆ ಬಿರಿಯಾನಿ ವಾಸನೆ ಬಂದದ್ದೇ ತಡ, ಉಳಿದವೆಲ್ಲ ‘ಸಭೆ ಒಪ್ಪಿದೆ’. ಕಟ್ಟಡ ನಿಯಮದ ಚರ್ಚೆಗೆ ಎದ್ದು ನಿಂತವರಲ್ಲಿ ಅರ್ಧ ಜನರದ್ದು ಕಟ್ಟಡದ್ದೇ ವ್ಯವಹಾರ. ಬೇಲಿ ಎದ್ದು ಹೊಲ ಮೇಯುವುದಕ್ಕೆ ಕಾನೂನಿನ ಬಲವನ್ನೂ ಕೊಡಬೇಕೆ?

2018ರ ಹೋರ್ಡಿಂಗ್ ನಿಷೇಧವನ್ನು ಪರ ಬರೆಯುವವರು ಎತ್ತಿಯೇ ಎತ್ತುತ್ತಾರೆ. ಹೈಕೋರ್ಟ್ ಬೆತ್ತ ಹಿಡಿದು ನಿಂತಿರದಿದ್ದರೆ ಆ ನಿರ್ಣಯ ಹುಟ್ಟುತ್ತಲೇ ಇರಲಿಲ್ಲ. ಕಸದ ಶುಲ್ಕವನ್ನು ಕೇಳದೆ ಹೇರಿದರು ಎಂಬ ದೂರೂ ಬರಬಹುದು. ನಮ್ಮ ಮನೆಗೆ ಬೀಳುವುದು ತಿಂಗಳಿಗೆ ಎರಡು ಮೂರು ಕಾಫಿಯ ದುಡ್ಡು, ಕಟ್ಟುತ್ತಿದ್ದೇನೆ. ಅದಕ್ಕೂ ಪ್ರಜಾಪ್ರಭುತ್ವವನ್ನು ಕರೆಯಬೇಕಾಗಿಲ್ಲ.

ಕಾರ್ಪೊರೇಟರ್ ಬೇಡವೇ ಬೇಡ ಎಂದು ನಾನು ಹೇಳಲಾರೆ; ಹೇಳಿದರೆ ಮನೆಯಾಕೆ ನಗುತ್ತಾಳೆ. ಒಂದು ಮಳೆಗಾಲ ನಮ್ಮ ಬೀದಿಯ ಒಳಚರಂಡಿ ಕಟ್ಟಿ ಸ್ನಾನದ ಕೋಣೆಯಲ್ಲೇ ಉಕ್ಕಿತು. ಸಹಾಯವಾಣಿ ದೂರಿನ ನಂಬರ್ ಕೊಟ್ಟಿತು, ನಂಬರ್ ಚೆನ್ನಾಗಿಯೇ ಇತ್ತು. ರಾತ್ರಿ ಹತ್ತಕ್ಕೆ ಕಾರ್ಪೊರೇಟರ್ ಮನೆ ಬಾಗಿಲು ತಟ್ಟಿದೆ. ಆಕೆ ಸೀರೆಯ ಮೇಲೊಂದು ಸ್ವೆಟರ್ ಹಾಕಿಕೊಂಡು ಬಂದು, ಜೆಟ್ಟಿಂಗ್ ಗಾಡಿ ಬರುವ ತನಕ ಮ್ಯಾನ್‌ಹೋಲ್ ಪಕ್ಕದಲ್ಲೇ ಛತ್ರಿ ಹಿಡಿದು ನಿಂತರು. ‘ಅಣ್ಣಾ, ಒಳಗೆ ಹೋಗಿ, ನೆಗಡಿಯಾಗುತ್ತೆ’ ಎಂದು ನನಗೇ ಹೇಳಿದರು. ಆ ರಾತ್ರಿ ಯಾವ ಬೈಲಾನೂ ಬೇಕಾಗಲಿಲ್ಲ. ಬೆಂಗಳೂರಿನ ವಿಷಯದಲ್ಲಿ ಐದು ವರ್ಷಕ್ಕೂ ಮೇಲೆ ತಟ್ಟಲು ಅಂಥ ಬಾಗಿಲೇ ಇರಲಿಲ್ಲ, ಆ ಮಾತು ಬೇರೆ.

ವಾರ್ಡ್ ಸಮಿತಿ ತಿಂಗಳಿಗೊಮ್ಮೆ ಸೇರಬೇಕು ಎಂಬ ನಿಯಮ ಹಿಂದಿನಿಂದಲೂ ಇದೆ. ಕಾರ್ಪೊರೇಟರ್ ಆದವರು ಅದನ್ನು ತಪ್ಪದೆ ಕರೆದು, ನಡಾವಳಿ ಬರೆಸಿ, ವಾರ್ಡ್ ಆಫೀಸಿನ ಗೋಡೆಗೆ ಅಂಟಿಸಲಿ. ಒಂದು ವರ್ಷ ಅಷ್ಟು ಮಾಡಿ ತೋರಿಸಿದ ಮೇಲೆ ಸಂಪಾದಕರು ಇದೇ ಪ್ರಶ್ನೆ ಮತ್ತೆ ಕೇಳಲಿ, ಆಗ ಯಾವ ಬದಿ ಬರೆಯಬೇಕೋ ನೋಡೋಣ.