ಶಿವಮೊಗ್ಗದಷ್ಟು ಜನ, ಅರ್ಜೆಂಟೀನಾ ಎದುರು ಡ್ರಾ

ಫುಟ್‌ಬಾಲ್ ವಿಶ್ವಕಪ್ಪೂ ಅಡಿಕೆ ಸುಲಿತವೂ ಒಟ್ಟಿಗೆ ಬಂದದ್ದು ನನ್ನ ನೆನಪಲ್ಲಿ ಒಂದೇ ಸಲ, 2022ರಲ್ಲಿ. ಕತಾರಿನ ಸೆಕೆಗೆ ಹೆದರಿ ಪಂದ್ಯಾವಳಿಯನ್ನು ನವೆಂಬರ್-ಡಿಸೆಂಬರಿಗೆ ತಳ್ಳಿದ್ದರಲ್ಲ, ಅದು ಸರಿಯಾಗಿ ನಮ್ಮ ಅಡಿಕೆ ಕೊನೆಕೊಯ್ಲಿನ ಹೊತ್ತು. ತೀರ್ಥಹಳ್ಳಿ ಕಡೆಯ ಚಿಕ್ಕಪ್ಪನ ಮನೆಯ ಅಂಗಳದಲ್ಲಿ ಹತ್ತು ಹನ್ನೆರಡು ಮಂದಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಸುಲಿದದ್ದನ್ನು ಅಳೆಯುವ ಡಬ್ಬಕ್ಕೆ ಮೊಬೈಲ್ ಒರಗಿಸಿ ನಾನು ಮೊರಾಕೊ-ಪೋರ್ಚುಗಲ್ ಕ್ವಾರ್ಟರ್ ಫೈನಲ್ ಹಾಕಿದ್ದೆ. ಮೊದಲ ಅರ್ಧ ಮುಗಿಯಲು ಇನ್ನು ಮೂರು ನಿಮಿಷ ಅನ್ನುವಾಗ ಮೊರಾಕೊದ ಎನ್-ನೆಸಿರಿ ಹಾರಿದ ನೋಡಿ, ಪೋರ್ಚುಗಲ್ ಗೋಲ್‌ಕೀಪರನ ಕೈಗಿಂತ ಮೇಲಿತ್ತು ಅವನ ತಲೆ. ಗೋಲ್! ಕತ್ತಿಗಳೆಲ್ಲ ಒಂದು ಕ್ಷಣ ನಿಂತವು.

ಚಿಕ್ಕಪ್ಪ ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟರು. "ಅವ್ರ ಮೈಕಟ್ಟೇ ಬೇರೆ ಮಾರಾಯ. ಆಫ್ರಿಕಾದವ್ರು ಹಾರ್ತಾರೆ, ಯುರೋಪಿನವ್ರು ಗೂಳಿ ಹಂಗಿರ್ತಾರೆ. ನಮ್ಮ ಅನ್ನ-ಸಾರಿನ ಮೈಗೆ ಅದೆಲ್ಲ ಆಗ್ತದಾ?"

ಅವತ್ತು ನಾನು ಉತ್ತರ ಕೊಡಲಿಲ್ಲ. ಚಿಕ್ಕಪ್ಪನ ಮನೆಯ ಕೋಳಿಸಾರು ಉಂಡು ಅವರ ಜೊತೆಗೇ ವಾದ ಮಾಡುವುದು ಸರಿಯಲ್ಲ. ಆದರೆ ಒಂದೊಂದು ಖಂಡದವರ ಆಟಕ್ಕೆ ಅವರ ಮೈಯೇ ಕಾರಣ ಅನ್ನುವ ಈ 'ಮೈಕಟ್ಟು' ವಾದವನ್ನು ಓದಿದವರ ಬಾಯಲ್ಲೂ ಅಷ್ಟೇ ಸಲೀಸಾಗಿ ಕೇಳಿದ್ದೇನೆ. ಹಾಗಾಗಿ ಇವತ್ತು ಇಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ಆ ಹಾರಿದವನ ಸಂಗತಿ. ಎನ್-ನೆಸಿರಿ ಹುಟ್ಟಿದ್ದು ಮೊರಾಕೊದ ಫೆಜ್ ಪಟ್ಟಣದಲ್ಲಿ. ಪಳಗಿದ್ದು ಅಲ್ಲಿನ ದೊರೆ ಆರನೇ ಮೊಹಮ್ಮದ್ ಹೆಸರಿನ ಫುಟ್‌ಬಾಲ್ ಅಕಾಡೆಮಿಯಲ್ಲಿ. ಅದು ಶುರುವಾದದ್ದು 2009-10ರ ಸುಮಾರಿಗೆ. ಅಂದರೆ ಹತ್ತು-ಹನ್ನೆರಡು ವರ್ಷ ನೀರುಣಿಸಿದ ಮೇಲೆ ಬಿಟ್ಟ ಫಸಲು ಅದು. ಅಡಿಕೆ ಬೆಳೆಯುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆ ತಂಡದ 26 ಮಂದಿಯಲ್ಲಿ 14 ಮಂದಿ ಮೊರಾಕೊದಲ್ಲಿ ಹುಟ್ಟಿದವರೇ ಅಲ್ಲ. ಹಕಿಮಿ ಮ್ಯಾಡ್ರಿಡ್‌ನವನು, ಜಿಯೆಶ್ ನೆದರ್‌ಲ್ಯಾಂಡ್ಸ್‌ನವನು, ಗೋಲ್‌ಕೀಪರ್ ಬೂನೂ ಹುಟ್ಟಿದ್ದು ಕೆನಡಾದಲ್ಲಿ. ವಲಸೆ ಹೋದವರ ಮಕ್ಕಳನ್ನು ಕರೆದು ತಂದರು, ಊರಲ್ಲೇ ಸಸಿಮಡಿಯನ್ನೂ ಮಾಡಿದರು. ಆಫ್ರಿಕಾದ ತಂಡವೊಂದು ಸೆಮಿಫೈನಲ್ ತಲುಪಿದ್ದು ಅದೇ ಮೊದಲು. 2025ರಲ್ಲಿ ಅವರ 20 ವರ್ಷದೊಳಗಿನ ಹುಡುಗರು ಫೈನಲ್ಲಿನಲ್ಲಿ ಅರ್ಜೆಂಟೀನಾವನ್ನೇ 2-0ಯಿಂದ ಸೋಲಿಸಿ ವಿಶ್ವಕಪ್ ಎತ್ತಿದರು.

ಮೈಕಟ್ಟೇ ಕಾರಣ ಅನ್ನುವವರಿಗೆ ನನ್ನದೊಂದು ಪ್ರಶ್ನೆ ಇದೆ. ಇನ್ಯಾಕಿ ವಿಲಿಯಮ್ಸ್, ನಿಕೊ ವಿಲಿಯಮ್ಸ್ ಅಂತ ಅಣ್ಣತಮ್ಮಂದಿರು. ಘಾನಾದಿಂದ ಬಂದ ಅದೇ ಅಪ್ಪ, ಅದೇ ಅಮ್ಮ, ಇಬ್ಬರೂ ಹುಟ್ಟಿದ್ದು ಸ್ಪೇನ್‌ನಲ್ಲಿ. ಅಣ್ಣ ಘಾನಾಕ್ಕೆ ಆಡಿದ, ತಮ್ಮ ಸ್ಪೇನ್‌ಗೆ. 2022ರಲ್ಲಿ ಘಾನಾ ಗುಂಪಿನ ಹಂತದಲ್ಲೇ ಮನೆಗೆ ಹೋಯಿತು. 2024ರಲ್ಲಿ ಯುರೋಪಿನ ದೇಶಗಳ ಯೂರೋ ಕಪ್ ಫೈನಲ್ಲಿನಲ್ಲಿ ಸ್ಪೇನ್‌ಗೆ ಮೊದಲ ಗೋಲು ಹೊಡೆದವನು ಈ ನಿಕೊ. ಒಂದೇ ಒಲೆಯ ಅನ್ನ ಉಂಡ ಎರಡು ಮೈ. ವ್ಯತ್ಯಾಸ ಎಲ್ಲಿ ಬಂತು? ಇನ್ನು ಮೆಸ್ಸಿಯ ಎತ್ತರ 170 ಸೆಂಟಿಮೀಟರ್. ನಮ್ಮ ಊರಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಅವನಿಗಿಂತ ಉದ್ದ ಇದ್ದಾನೆ, ಮರವನ್ನೂ ಚೆನ್ನಾಗಿ ಹತ್ತುತ್ತಾನೆ.

ನನ್ನ ಮಟ್ಟಿಗೆ ಖಂಡ ಅಂದರೆ ರಕ್ತ ಅಲ್ಲ, ನೆರೆಹೊರೆ. ನೀನು ಯಾರ ಜೊತೆ ಆಡುತ್ತ ಬೆಳೆದೆ, ಎಷ್ಟು ಸಲ ಆಡಿದೆ, ಅಷ್ಟೇ.

ಇದು ನನಗೆ ಎಂಟನೇ ಕ್ಲಾಸಿನಲ್ಲೇ ಅರ್ಥ ಆಗಬೇಕಿತ್ತು. ನಮ್ಮ ಶಾಲೆಯಲ್ಲಿ ಫುಟ್‌ಬಾಲ್ ತಂಡ ಅಂತ ಒಂದಿತ್ತು. ಕಬಡ್ಡಿಗೆ ಆಯ್ಕೆಯಾಗದವರನ್ನು ಸೇರಿಸಿ ಪಿ.ಟಿ. ಮೇಷ್ಟ್ರು ಹಿಂದಿನ ದಿನ ಸಂಜೆ ಮಾಡಿದ ತಂಡ. ಮೈದಾನ ಒಂದು ಕಡೆಗೆ ಇಳಿಜಾರು. ಕೆಳಗಿನ ಗೋಲಿನ ಹಿಂದೆ ಗದ್ದೆ, ಚೆಂಡು ಹೋದರೆ ನಾಟಿ ಮಾಡುವವರ ಬೈಗುಳ ತಿಂದು ತರಬೇಕು. ತಾಲ್ಲೂಕಿನಲ್ಲಿ ಬೇರೆ ತಂಡವೇ ಹೆಸರು ಕೊಡದ ಕಾರಣ ಆಡದೆಯೇ ತಾಲ್ಲೂಕು ಚಾಂಪಿಯನ್ ಆಗಿ ಜಿಲ್ಲಾ ಮಟ್ಟಕ್ಕೆ ಹೋದೆವು. ಶಿವಮೊಗ್ಗದ ನೆಹರು ಕ್ರೀಡಾಂಗಣದಲ್ಲಿ, ಜಡಿಮಳೆಯಲ್ಲಿ, ಪೇಟೆ ಹುಡುಗರ ಎದುರು 9-0. ಒಂಬತ್ತನ್ನೂ ತಿಂದ ಗೋಲ್‌ಕೀಪರ್ ನಾನೇ. ಆ ವರ್ಷದ ನಮ್ಮ ಇಡೀ ಫುಟ್‌ಬಾಲ್ ಬದುಕು ಅದೊಂದೇ ಪಂದ್ಯ.

2001ರಲ್ಲಿ ಆಸ್ಟ್ರೇಲಿಯಾ ಪೆಸಿಫಿಕ್ ಸಾಗರದ ಪುಟ್ಟ ಅಮೆರಿಕನ್ ಸಮೋವಾವನ್ನು 31-0ಯಿಂದ ಸೋಲಿಸಿದ ಸುದ್ದಿ ಓದಿದಾಗ ನನಗೆ ಆ ಇನ್ನೊಬ್ಬ ಗೋಲ್‌ಕೀಪರನ ಮೇಲೆ ಎಂಥ ಪ್ರೀತಿ ಬಂತು ಗೊತ್ತಾ! ಆದರೆ ಕಥೆಯ ಮುಂದಿನ ಭಾಗ ಇನ್ನೂ ಮಜವಾಗಿದೆ. ಅದೇ ಆಸ್ಟ್ರೇಲಿಯಾ ಅದೇ ವರ್ಷ ವಿಶ್ವಕಪ್ಪಿನ ಕೊನೇ ಅರ್ಹತಾ ಪಂದ್ಯಕ್ಕೆ ಉರುಗ್ವೆಗೆ ಹೋಗಿ 3-0ಯಿಂದ ಸೋತು ಬಂತು. ಪೆಸಿಫಿಕ್ ದ್ವೀಪಗಳ ಓಶಿಯಾನಿಯಾ ವಲಯದಲ್ಲಿ ಮೂವತ್ತೊಂದು ಗೋಲು ಹೊಡೆದದ್ದು ಉರುಗ್ವೆಯ ಮೊಂಟೆವಿಡಿಯೊದಲ್ಲಿ ನಯಾಪೈಸೆಗೂ ಬರಲಿಲ್ಲ. 2006ರಲ್ಲಿ ಅವರು ಆ ಕೇರಿಯನ್ನೇ ಬಿಟ್ಟು ಏಷ್ಯಾ ಸಂಘಕ್ಕೆ ಸೇರಿದರು, ಗಟ್ಟಿ ಎದುರಾಳಿಗಳು ಬೇಕು ಅಂತ.

ದಕ್ಷಿಣ ಅಮೆರಿಕದಲ್ಲಿ ಇದರ ತದ್ವಿರುದ್ಧ. ಹತ್ತೇ ದೇಶ, ವಿಶ್ವಕಪ್ ಅರ್ಹತೆಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಎರಡೆರಡು ಸಲ ಆಡಬೇಕು, ಒಟ್ಟು 18 ಪಂದ್ಯ. ಬಿಟ್ಟಿ ಅಂಕ ಎಲ್ಲೂ ಇಲ್ಲ. 3,600 ಮೀಟರ್ ಎತ್ತರದ ಲಾ ಪಾಜ್‌ನಲ್ಲಿ ಬೊಲಿವಿಯಾ 2009ರಲ್ಲಿ ಮರಡೋನಾ ತರಬೇತಿಯ ಅರ್ಜೆಂಟೀನಾಕ್ಕೆ 6-1ರ ಪೆಟ್ಟು ಕೊಟ್ಟಿತ್ತು. ಹಾಗಂತ ಬೆಟ್ಟ ಇದ್ದರೆ ಸಾಕೇ? ಬೊಲಿವಿಯಾ 1994ರ ನಂತರ 2022ರವರೆಗೆ ಒಂದು ವಿಶ್ವಕಪ್ಪಿಗೂ ಹೋಗಲಿಲ್ಲ. ಸುಮಾರು 35 ಲಕ್ಷ ಜನರ ಉರುಗ್ವೆ ಎರಡು ಸಲ ವಿಶ್ವಕಪ್ ಗೆದ್ದಿದೆ. ಅಲ್ಲಿ ಆರೇಳು ವರ್ಷದ ಮಕ್ಕಳಿಗೇ ಕೇರಿಕೇರಿಯಲ್ಲಿ ಲೀಗ್ ಇದೆ. 2006ರಿಂದ 2021ರವರೆಗೆ ಒಬ್ಬನೇ ತರಬೇತುದಾರ, ತಬಾರೆಜ್, ಮೇಷ್ಟ್ರು ಅಂತಲೇ ಜನ ಕರೆಯುತ್ತಿದ್ದುದು.

ಆಫ್ರಿಕಾಕ್ಕೆ ಬಂದರೆ ಬೇಜಾರಾಗುತ್ತದೆ. 17 ವರ್ಷದೊಳಗಿನವರ ವಿಶ್ವಕಪ್ಪನ್ನು ನೈಜೀರಿಯಾ ಐದು ಸಲ ಗೆದ್ದಿದೆ, ಹಾಗಾಗಿ ಪ್ರತಿಭೆಯ ಬರ ಅನ್ನುವ ಮಾತೇ ಇಲ್ಲ. ಹದಿನೇಳರಿಂದ ಇಪ್ಪತ್ತೈದರ ನಡುವೆ ಊರಲ್ಲಿ ಆಡಲು ಗಟ್ಟಿ ಲೀಗ್ ಬೇಕು, ಸಂಬಳ ಬೇಕು, ನೆಟ್ಟಗಿನ ಆಡಳಿತ ಬೇಕು. 2014ರಲ್ಲಿ ಘಾನಾ ಆಟಗಾರರು ಬಾಕಿ ಹಣಕ್ಕೆ ಪಟ್ಟು ಹಿಡಿದಾಗ ಸರಕಾರ 30 ಲಕ್ಷ ಡಾಲರಿಗೂ ಹೆಚ್ಚು ನಗದನ್ನು ವಿಮಾನದಲ್ಲಿ ಬ್ರೆಜಿಲ್‌ಗೆ ಕಳಿಸಿತು. ವಿಶ್ವಕಪ್ಪಿನ ನಡುವೆ ನೋಟು ಎಣಿಸುವ ತಂಡ ಎಷ್ಟು ದೂರ ಹೋದೀತು? ಅದರ ಮೇಲೆ ವಿಶ್ವಕಪ್ಪಿನಲ್ಲಿ ಜಾಗವೇ ಕಮ್ಮಿ ಇತ್ತು. 32 ತಂಡಗಳ ಕಾಲದಲ್ಲಿ ಯುರೋಪಿಗೆ 13 ಸ್ಥಾನ, ಐವತ್ತಕ್ಕೂ ಹೆಚ್ಚು ದೇಶಗಳ ಆಫ್ರಿಕಾಕ್ಕೆ ಐದು.

ಏಷ್ಯಾದಲ್ಲಿ ಜಪಾನ್ ಒಂದನ್ನು ನೋಡಿದರೆ ಸಾಕು. 1993ರಲ್ಲಿ ವೃತ್ತಿಪರ ಲೀಗ್ ಶುರು ಮಾಡಿದರು, 1998ರಲ್ಲಿ ಮೊದಲ ವಿಶ್ವಕಪ್ ಆಡಿದರು, ಆಮೇಲೆ ಒಂದನ್ನೂ ತಪ್ಪಿಸಿಕೊಂಡಿಲ್ಲ. 2022ರಲ್ಲಿ ಜರ್ಮನಿ, ಸ್ಪೇನ್ ಎರಡನ್ನೂ ಸೋಲಿಸಿದರು. ಅನ್ನ ಉಣ್ಣುವವರೇ ಚಿಕ್ಕಪ್ಪಾ, ಅವರೂ.

ಆದರೆ ನನಗೆ ಎಲ್ಲಕ್ಕಿಂತ ಹೊಟ್ಟೆಕಿಚ್ಚು ಐಸ್‌ಲ್ಯಾಂಡ್ ಮೇಲೆ. 2018ರಲ್ಲಿ ಇಡೀ ದೇಶದ ಜನಸಂಖ್ಯೆ ಮೂರೂವರೆ ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಶಿವಮೊಗ್ಗ ನಗರದ್ದೇ 3.22 ಲಕ್ಷ! ಗೋಪಾಳದಿಂದ ವಿನೋಬನಗರದವರೆಗಿನ ಜನ ಸೇರಿ ಒಂದು ದೇಶ ಅಂದುಕೊಳ್ಳಿ. ಆ ದೇಶ 2016ರ ಯೂರೋದಲ್ಲಿ ಇಂಗ್ಲೆಂಡನ್ನು 2-1ರಿಂದ ಮನೆಗೆ ಕಳಿಸಿತು. 2018ರ ವಿಶ್ವಕಪ್ಪಿನಲ್ಲಿ ಮಾಸ್ಕೋದಲ್ಲಿ ಅರ್ಜೆಂಟೀನಾ ಜೊತೆ 1-1 ಡ್ರಾ. ಮೆಸ್ಸಿಯ ಪೆನಾಲ್ಟಿ ತಡೆದ ಗೋಲ್‌ಕೀಪರ್ ಸಿನಿಮಾ ನಿರ್ದೇಶಕ, ತರಬೇತುದಾರ ಹಲ್ಲಿನ ಡಾಕ್ಟರ್. ನಮಗೆ ಆಗುಂಬೆ ಮಳೆಯ ನೆಪ ಇದ್ದ ಹಾಗೆ ಅವರಿಗೂ ಹಿಮದ, ಕತ್ತಲೆಯ ನೆಪ ಇತ್ತು. ಅವರು 2000ದ ನಂತರ ದೊಡ್ಡ ದೊಡ್ಡ ಒಳಾಂಗಣ ಮೈದಾನ ಕಟ್ಟಿದರು, ಮಕ್ಕಳಿಗೆ ಆಟ ಕಲಿಸುವವರೂ ತರಬೇತಿ ಪರವಾನಗಿ ಪಡೆಯುವ ಹಾಗೆ ಮಾಡಿದರು. ಆ ಪೀಳಿಗೆಗೆ ವಯಸ್ಸಾದ ಮೇಲೆ ಮತ್ತೆ ವಿಶ್ವಕಪ್ಪಿಗೆ ಹೋಗಲಾಗಿಲ್ಲ ಅನ್ನುವುದೂ ನಿಜ, ಸಣ್ಣ ಊರಿನ ಕಷ್ಟ ಅದು. 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆದ ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪವಂತೂ ಶಿವಮೊಗ್ಗ ನಗರದ ಅರ್ಧದಷ್ಟೇ.

ಇದೆಲ್ಲ ಪರದೇಶದ ಮಾತು ಅನ್ನಿಸಿದರೆ ಕೊಡಗಿಗೆ ಹೋಗಿ. ಐದೂವರೆ ಲಕ್ಷ ಜನ, ನಮ್ಮದೇ ಮಳೆ, ನಮ್ಮದೇ ಅಕ್ಕಿ. ಎಂ.ಪಿ. ಗಣೇಶ್, ಸೋಮಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಹೀಗೆ ಎಷ್ಟು ಹಾಕಿ ಆಟಗಾರರು! 1997ರಲ್ಲಿ ಶುರುವಾದ ಅಲ್ಲಿನ ಕುಟುಂಬಗಳ ಹಾಕಿ ಹಬ್ಬದಲ್ಲಿ 2024ರಲ್ಲಿ 360 ಕುಟುಂಬಗಳು ತಂಡ ಇಳಿಸಿದವು. ಅಲ್ಲಿ ಹುಡುಗ ಸರಿಯಾಗಿ ಆಡದಿದ್ದರೆ ಮೊದಲು ಬೈಯುವವರು ದೊಡ್ಡಮ್ಮ.

ನಾವೂ ಒಂದು ಕಾಲಕ್ಕೆ ಫುಟ್‌ಬಾಲ್ ಆಡಿದವರೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದದ್ದು ಬೆಂಗಳೂರಿನ ರಾಮನ್. 1956ರ ಮೆಲ್ಬೋರ್ನ್‌ನಲ್ಲಿ ನಾಲ್ಕನೇ ಸ್ಥಾನ. ಆಗಲೂ ಉಣ್ಣುತ್ತಿದ್ದದ್ದು ಇದೇ ಅನ್ನ.

ಹೋದ ತಿಂಗಳು ಇದನ್ನೆಲ್ಲ ಚಿಕ್ಕಪ್ಪನ ಮುಂದೆ ಹೇಳಿದೆ. ಪೂರ್ತಿ ಕೇಳಿ, "ಹಂಗಾರೆ ನೀನೇ ಒಂದು ಲೀಗ್ ಮಾಡಾ" ಅಂದರು. ಸರಿ, ಸುತ್ತಲಿನ ಶಾಲೆಗಳ ಪಿ.ಟಿ. ಮೇಷ್ಟ್ರುಗಳಿಗೆ ಫೋನ್ ಹಚ್ಚಿದೆ. ಆರು ತಂಡ, ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಜೊತೆ ಎರಡು ಪಂದ್ಯ, ಶನಿವಾರ ಮಧ್ಯಾಹ್ನ, ಕಪ್ಪು-ಗಿಪ್ಪು ಏನೂ ಇಲ್ಲ ಅಂತ. ಸದ್ಯಕ್ಕೆ ಇಬ್ಬರು ಒಪ್ಪಿದ್ದಾರೆ. ಮೂರನೆಯವರು ಊಟದ ವ್ಯವಸ್ಥೆ ಇದೆಯಾ ಅಂತ ಕೇಳಿದ್ದಾರೆ. ಚಿಕ್ಕಮ್ಮ ಚಿತ್ರಾನ್ನ ಮಾಡಿಕೊಡ್ತೀನಿ ಅಂದಿದ್ದಾರೆ, ಎಷ್ಟು ಜನಕ್ಕೆ ಅಂತ ನಾನಿನ್ನೂ ಅವರಿಗೆ ಹೇಳಿಲ್ಲ.