ಮಗ, ಪುತ್ರ, ಕುಡಿ: ಅಪ್ಪನ ಆಸ್ತಿ ನೋಡಿ ಆರಿಸಿಕೊಳ್ಳಿ

ನ್ಯೂಸ್ ನೋಡೋರೆಲ್ಲ ಇದನ್ನ ಗಮನಿಸೇ ಇರ್ತೀರ. ಕೂಲಿ ಮಾಡೋನಿಗೆ ಹುಟ್ಟಿದ್ರೆ ಮಗ, ಸಾಹೇಬ್ರಿಗೆ ಹುಟ್ಟಿದ್ರೆ ಪುತ್ರ, ಎಮ್ಮೆಲ್ಲೆಗೆ ಹುಟ್ಟಿದ್ರೆ ಸುಪುತ್ರ, ಮಂತ್ರಿಗೆ ಹುಟ್ಟಿದ್ರೆ ಕುಡಿ. ಹೆರಿಗೆ ವಾರ್ಡಲ್ಲಿ ನಾಲ್ಕೂ ಒಂದೇ ಥರ ಅಳ್ತವೆ, ಪದ ಬೇರೆ ಆಗೋದು ಡಿಸ್ಚಾರ್ಜ್ ಆದ್ಮೇಲೆ. ಅದ್ರಲ್ಲೂ ಈ ಕುಡಿ ಇದ್ಯಲ್ಲ, ಬಳ್ಳಿ ತುದೀಲಿ ಬರೋ ಎಳೇ ಚಿಗುರಿಗೆ ಹೇಳೋ ಮಾತು ಅದು, ಉಗುರು ತಾಗಿದ್ರೆ ಸಾಕು ಮುರಿಯುತ್ತೆ. ಆದ್ರೆ 'ರಾಜಕೀಯಕ್ಕೆ ಮತ್ತೊಂದು ಕುಡಿ ಎಂಟ್ರಿ' ಅಂತ ಟೀವೀಲಿ ಬರೋ ಆಸಾಮಿಗೆ ಅರ್ಧ ತಲೆ ಬೋಳಾಗಿರುತ್ತೆ, ಹೊಟ್ಟೆ ಮುಂದೆ ಬಂದಿರುತ್ತೆ, ಹಿಂದೆ ನಿಂತಿರೋ ಅವರ ಮಗನಿಗೇ ಮೀಸೆ ಚಿಗುರಿರುತ್ತೆ. ಇದೇ ಕುಡಿ ನಡುರಾತ್ರೀಲಿ ಕುಡಿದು ಕಾರು ಗುದ್ದಿಸಿದ್ರೆ ಬೆಳಗ್ಗೆ ಹೊತ್ತಿಗೆ 'ಪ್ರಭಾವಿಯೊಬ್ಬರ ದೂರದ ಸಂಬಂಧಿ'. ರಕ್ತಸಂಬಂಧ ಇಷ್ಟು ಬೇಗ ತೆಳುವಾಗೋದು ಬೇರೆಲ್ಲೂ ಕಾಣಲ್ಲ.

ಇನ್ನು ಚುನಾವಣೆ ಬಂದ್ರೆ 'ನಾನು ನಿಮ್ಮ ಮನೆಮಗ'. ಯಾರು ಹೆತ್ರು, ಯಾವಾಗ ಹೆತ್ರು ಅಂತ ಮನೆಯವರಿಗೇ ಗೊತ್ತಿರಲ್ಲ. ಇದೇನು ಹೊಸ ವಿದ್ಯೆ ಅಂತ ಅನ್ಕೋಬೇಡಿ, ಮನುಸ್ಮೃತೀಲಿ 12 ಥರದ ಪುತ್ರರ ಲಿಸ್ಟೇ ಇದೆ. ಸ್ವಂತ ಹೆಂಡತೀಲಿ ಹುಟ್ಟಿದೋನು ಔರಸ, ದತ್ತು ಬಂದೋನು ದತ್ತ, ದುಡ್ಡು ಕೊಟ್ಟು ತಂದೋನು ಕ್ರೀತ, ಮತ್ತೆ ಅಪ್ಪ ಅಮ್ಮ ಇಲ್ಲದೆ ತಾನಾಗೇ ಬಂದು ನಾನು ನಿಮ್ಮ ಮಗ ಅಂತ ತನ್ನನ್ನ ತಾನೇ ಒಪ್ಪಿಸಿಕೊಂಡೋನು ಸ್ವಯಂದತ್ತ. ಓದಿದ ತಕ್ಷಣ ಕೈ ಮುಗಿದು ನಗೋ ಫ್ಲೆಕ್ಸ್ ಕಣ್ಣ ಮುಂದೆ ಬರುತ್ತೆ ತಾನೆ? ಗೆಲ್ಲೋವರೆಗೂ ಸ್ವಯಂದತ್ತ, ಗೆದ್ದ ಮೇಲೆ ರೆಸಾರ್ಟಿಗೆ ಹೋಗಿ ಪಾರ್ಟಿ ಬದಲಾಯಿಸಿದ್ರೆ ಕ್ರೀತ. ತಮಾಷೆ ಏನಪ್ಪಾ ಅಂದ್ರೆ ಆ ಲಿಸ್ಟಲ್ಲಿ ಈ ಇಬ್ರೂ ಕೊನೇ ಆರು ಜನರ ಗುಂಪಲ್ಲಿದ್ದಾರೆ, ಅಂದ್ರೆ ಬಂಧುಗಳು ಹೌದು, ಆಸ್ತೀಲಿ ಪಾಲಿಲ್ಲ. ನಮ್ಮ ಮನೆಮಗ ಪಾಲು ಕೇಳೋದೇ ಇಲ್ಲ, ಇಡೀ ಮನೇನೇ ತನ್ನ ಹೆಸರಿಗೆ ಮಾಡ್ಕೋತಾನೆ.

ಮನೆಮಗಳೂ ಇದಾಳೆ, ಆದ್ರೆ ಅವಳು ಪಾಂಪ್ಲೆಟ್ಟಲ್ಲಿ ಮಾತ್ರ. 'ಕುಲದೀಪಕ' ಅಂತ ಹುಡುಗನಿಗೆ ಇಟ್ಟ ಬಿರುದನ್ನ ಹುಡುಗಿಗೆ ಯಾರೂ ಕೊಡಲ್ಲ, 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಅಂತ ಗಾದೆ ಮಾತ್ರ ರೆಡಿ ಇರುತ್ತೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂತು, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ. ಅಪ್ಪ ಆವಾಗ ಬದುಕಿದ್ನೋ ಇಲ್ವೋ ಅಂತ ಇನ್ನೊಂದು ತಕರಾರು ತೆಗೆದ್ರು, ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಮುಗಿಸ್ತು. ಅಲ್ಲಿವರೆಗೂ 'ನಮ್ಮ ಮನೆ ಮಹಾಲಕ್ಷ್ಮಿ' ಆಗಿದ್ದೋಳು ನೋಟಿಸ್ ಕಳಿಸಿದ ದಿನದಿಂದ 'ವಾದಿ ನಂಬರ್ ಇಷ್ಟು'. ಅಣ್ಣಂದಿರು ಹಕ್ಕು ಬಿಡುಗಡೆ ಪತ್ರದ ಜೊತೆ ಒಂದು ಸೀರೆ ಹಿಡ್ಕೊಂಡು ಬರ್ತಾರೆ, ಸಹಿ ಎಲ್ಲಿ ಹಾಕ್ಬೇಕು ಅನ್ನೋ ಕಡೆ ಪೆನ್ಸಿಲ್ ಮಾರ್ಕ್ ಮೊದಲೇ ಇರುತ್ತೆ.

ಆಮೇಲೆ ಈ ವಂಶಸ್ಥರು. ಪ್ರೊಫೈಲಲ್ಲಿ 'ಇಂಥ ಮಹಾರಾಜರ ನೇರ ವಂಶಸ್ಥ' ಅಂತ ಹಾಕ್ಕೊಂಡು ಮೀಸೆ ತಿರುವೋರು. ಸ್ವಲ್ಪ ಲೆಕ್ಕ ಹಾಕಿ ಸ್ವಾಮಿ. 'ಸಂತತಿ ಸಾವಿರವಾಗಲಿ' ಅಂತೀವಲ್ಲ, ಒಬ್ಬೊಬ್ಬರಿಗೆ ಎರಡೆರಡೇ ಮಕ್ಕಳು ಅಂದ್ಕೊಂಡ್ರೂ ಹತ್ತನೇ ತಲೆಮಾರಿಗೆ ಆ ರಾಜನ ಸಂತತಿ 1,024, ಹರಕೆ ಫಲಿಸಿ 24 ಎಕ್ಸ್ಟ್ರಾ. ಉಳಿದ 1,023 ಜನ ಎಲ್ಲೋ ಇಎಂಐ ಕಟ್ತಾ ಇರ್ತಾರೆ, ಅವರಿಗೆ ಮೀಸೆ ತಿರುವೋಕೆ ಪುರುಸೊತ್ತಿಲ್ಲ. ಇದೇ ಲೆಕ್ಕ ಮೇಲಕ್ಕೆ ಹೋದ್ರೂ ಅಷ್ಟೇ, ಹತ್ತನೇ ತಲೆಮಾರಲ್ಲಿ ಇವರಿಗೂ 1,024 ಪೂರ್ವಜರ ಜಾಗ ಇದೆ, ಅದ್ರಲ್ಲಿ ಒಬ್ಬ ರಾಜ ಆದ್ರೆ ಮಿಕ್ಕೋರಲ್ಲಿ ಪಲ್ಲಕ್ಕಿ ಹೊತ್ತೋರು, ಕುದುರೆ ಲದ್ದಿ ಬಳಿದೋರು, ಕಂದಾಯ ಕಟ್ಟಲಾರದೆ ಊರು ಬಿಟ್ಟೋರು ಎಲ್ಲ ಇದ್ದೇ ಇರ್ತಾರೆ, ಅವರ ಹೆಸರಲ್ಲಿ ಯಾರೂ ಪ್ರೊಫೈಲ್ ಮಾಡಿಲ್ಲ. ಇನ್ನೂ ಇಪ್ಪತ್ತು ತಲೆಮಾರು ಮೇಲೆ ಹೋದ್ರೆ ಲೆಕ್ಕ 107 ಕೋಟಿ ದಾಟುತ್ತೆ, ಆ ಕಾಲದಲ್ಲಿ ಇಡೀ ಭೂಮಿ ಮೇಲೆ ಅಷ್ಟು ಜನಾನೇ ಇರ್ಲಿಲ್ಲ. ಅಂದ್ರೆ ಒಬ್ಬನೇ ಅಜ್ಜ ನೂರಾರು ದಾರೀಲಿ ಬಂದು ಅಜ್ಜ ಆಗಿರ್ತಾನೆ, ನಿಮಗೂ ಅವನೇ, ನಿಮ್ಮ ಪಕ್ಕದ ಮನೆಯವನಿಗೂ ಬಹುಶಃ ಅವನೇ.

ಹುಲಿ ಸಂತತಿ ಹೆಚ್ಚಿದ್ರೆ ಸಿಹಿ ಸುದ್ದಿ, ಸೊಳ್ಳೆ ಸಂತತಿ ಹೆಚ್ಚಿದ್ರೆ ಫಾಗಿಂಗು, ಬಡವನ ಸಂತಾನ ಹೆಚ್ಚಿದ್ರೆ ಜನಸಂಖ್ಯಾ ಸ್ಫೋಟ, ಶ್ರೀಮಂತನದ್ದು ಹೆಚ್ಚಿದ್ರೆ ತುಂಬು ಕುಟುಂಬ. ಇದನ್ನ ಬೆಳೆಸ್ತಾ ಹೋದ್ರೆ ಮುಗಿಯಲ್ಲ, ಬಿಡಿ.

ಕೊನೇಗೆ ಒಂದು ಪದ ಇದೆ, ಅದರ ಮೇಲೆ ಮಾತ್ರ ಯಾರ ಕ್ಲೇಮೂ ಇಲ್ಲ: 'ಮುಂದಿನ ಪೀಳಿಗೆ'. ಸೈಟು, ಬಂಗಾರ, ಪಾರ್ಟಿ ಟಿಕೆಟ್ಟು ಎಲ್ಲ 'ನನ್ನ ಮಕ್ಕಳಿಗೆ'. ಸಾಲ, ಹೊಗೆ, ಬತ್ತಿದ ಬೋರ್‌ವೆಲ್ಲು ಎಲ್ಲ 'ಮುಂದಿನ ಪೀಳಿಗೆಗೆ'. ಪ್ರತಿ ವರ್ಷ ಜೂನ್ 5ಕ್ಕೆ ಕೆರೆ ಏರಿ ಮೇಲೆ ಶಾಮಿಯಾನ ಹಾಕಿ, ಮೊದಲೇ ತೋಡಿಟ್ಟ ಗುಂಡೀಲಿ ಒಂದು ಗಿಡ ಇಟ್ಟು, ಈ ಕೆರೆ ಮುಂದಿನ ಪೀಳಿಗೆಗೆ ಉಳೀಬೇಕು ಅಂತ ಗದ್ಗದ ಆಗ್ತಾರೆ. ಕೆರೆಯ ಇನ್ನರ್ಧ ಭಾಗದಲ್ಲಿ ಆಗಲೇ ಲೇಔಟ್ ಎದ್ದಿರುತ್ತೆ, ಪೀಳಿಗೆ ಅಂದ್ರೆ ಯಾರು ಅಂತ ಗೇಟಿನ ಬೋರ್ಡ್ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತೆ: '... ಅಂಡ್ ಸನ್ಸ್'.